ಹೆದ್ದಾರಿಗೆ 100 ಇರಲಿ, ಊರಿನ ಎದುರು 50 ಸಾಕು

ಬಿ.ಸಿ.ರೋಡ್‌ನಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 75 ನಮ್ಮವರಿಗೆ ಹೊಸದಲ್ಲ. ಮೆಲ್ಕಾರ್, ಕಲ್ಲಡ್ಕ, ಮಾಣಿ, ಉಪ್ಪಿನಂಗಡಿ, ನೆಲ್ಯಾಡಿ ದಾಟಿ, ಶಿರಾಡಿ ಘಾಟಿ ಹತ್ತಿ ಹಾಸನ, ಬೆಂಗಳೂರು ಸೇರುವ ಈ ರಸ್ತೆ ಅಲ್ಲಿಗೇ ಮುಗಿಯುವುದಿಲ್ಲ. ಹೊಸಕೋಟೆ, ಕೋಲಾರ, ಮುಳಬಾಗಿಲು ಕಳೆದು ರಾಜ್ಯದ ಗಡಿ ದಾಟಿ ವೆಲ್ಲೂರಿನವರೆಗೆ ಹೋಗುತ್ತದೆ. ಕೋಲಾರದ ಟೊಮೆಟೊ, ಶ್ರೀನಿವಾಸಪುರದ ಮಾವಿನಹಣ್ಣು ಕರಾವಳಿಯ ಮಾರುಕಟ್ಟೆಗೆ ಬರುವುದಕ್ಕೂ ಇದೇ ದಾರಿ. ಈ ರಸ್ತೆಯ ನಮ್ಮ ತುದಿಯಲ್ಲಿ, ಬಿ.ಸಿ.ರೋಡ್‌ನಿಂದ ಅಡ್ಡಹೊಳೆಯವರೆಗೆ, ಚತುಷ್ಪಥದ ಕೆಲಸ ವರ್ಷಗಳಿಂದ ನಡೆದಿದೆ. ಕೋಲಾರದ ಕಡೆಯವರು ಚತುಷ್ಪಥದ ಜೊತೆಗೆ ಬದುಕಲು ಶುರುಮಾಡಿ ಎಷ್ಟೋ ವರ್ಷ ಆಯಿತು. ಅಲ್ಲಿ ರಸ್ತೆ ದಾಟುವವರ ಪಾಡು ಏನಾಗಿದೆ ಅಂತ ನೋಡಿದರೆ, ನಾಳೆ ನಮ್ಮ ಮನೆ ಬಾಗಿಲಲ್ಲಿ ಏನಾಗಬಹುದು ಅನ್ನುವುದು ಗೊತ್ತಾಗುತ್ತದೆ.

ಹೆದ್ದಾರಿ ಅಗಲವಾದಾಗ ಊರು ಎರಡು ಹೋಳಾಗುತ್ತದೆ. ಮನೆ ಈ ಕಡೆ, ಹೊಲ ಆ ಕಡೆ. ಬಸ್ ಇಳಿಯುವುದು ಈ ಕಡೆ, ಶಾಲೆ ಆ ಕಡೆ. ಕೋಲಾರ ಜಿಲ್ಲೆ ಹಾಲಿನ ಜಿಲ್ಲೆ. ಬೆಳಗಿನ ಮಬ್ಬಿನಲ್ಲಿ, ಸಂಜೆ ಕತ್ತಲಾಗುವ ಹೊತ್ತಿನಲ್ಲಿ ಹೆಂಗಸರು ಹಾಲಿನ ಕ್ಯಾನ್ ಹಿಡಿದು ಡೇರಿಗೆ ಹೋಗಲೇಬೇಕು. ಟಮಕದಲ್ಲಿ ದೊಡ್ಡ ಆಸ್ಪತ್ರೆಯೂ ಮೆಡಿಕಲ್ ಕಾಲೇಜೂ ಇವೆ. ನರಸಾಪುರದಲ್ಲಿ ಸಾವಿರಾರು ಹುಡುಗ ಹುಡುಗಿಯರು ಶಿಫ್ಟ್ ಲೆಕ್ಕದಲ್ಲಿ ದುಡಿಯುವ ಕಾರ್ಖಾನೆಗಳಿವೆ. ಮುಳಬಾಗಿಲು ತಾಲೂಕಿನ ಎನ್.ವಡ್ಡಹಳ್ಳಿಯಲ್ಲಿ ಟೊಮೆಟೊ ಮಾರುಕಟ್ಟೆ ಇದೆ. ಇವರೆಲ್ಲ ರಸ್ತೆಯ ಬದಿಯಲ್ಲಿ ನಡೆಯುವವರು, ರಸ್ತೆ ದಾಟುವವರು. ಹೆದ್ದಾರಿ ಬರುವುದಕ್ಕೆ ಮುಂಚೆಯೂ ಅವರು ನಡೆಯುತ್ತಿದ್ದರು, ಈಗಲೂ ನಡೆಯುತ್ತಾರೆ. ಬದಲಾದದ್ದು ಎದುರಿಗೆ ಬರುವ ವಾಹನದ ವೇಗ ಮಾತ್ರ.

ಈ ವೇಗಕ್ಕೆ ಕಾನೂನಿನ ಒಪ್ಪಿಗೆಯೂ ಇದೆ. ಕೇಂದ್ರ ಸರಕಾರ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ ನಡುವೆ ಡಿವೈಡರ್ ಇರುವ ಚತುಷ್ಪಥದಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ., ಬಸ್ಸಿಗೆ 90, ಲಾರಿಗೂ ಬೈಕಿಗೂ 80. ಉಳಿದ ರಸ್ತೆಗಳಲ್ಲಿ ಕಾರಿಗೆ 70. ಪಕ್ಕದಲ್ಲಿ ಶಾಲೆ ಇದೆಯಾ, ಸಂತೆ ಇದೆಯಾ, ಬರೀ ಹೊಲ ಇದೆಯಾ ಎಂದು ಈ ಅಂಕಿ ಕೇಳುವುದಿಲ್ಲ. ಅದನ್ನು ಕೇಳಬೇಕಾದವರು ನಾವು.

ಸಣ್ಣ ಲೆಕ್ಕ ಮಾಡೋಣ. ಗಂಟೆಗೆ 100 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 28 ಮೀಟರ್ ಓಡುತ್ತದೆ. ಎದುರಿಗೆ ಮನುಷ್ಯ ಕಂಡ ಮೇಲೆ ಚಾಲಕನ ಕಾಲು ಬ್ರೇಕ್ ಮುಟ್ಟಲು ಕಡಿಮೆಯೆಂದರೂ ಒಂದು ಸೆಕೆಂಡ್ ಬೇಕು. ಅಂದರೆ ಬ್ರೇಕ್ ಹಿಡಿಯುವ ಮೊದಲೇ 28 ಮೀಟರ್ ಮುಗಿಯಿತು. ಒಣ ರಸ್ತೆಯಲ್ಲಿ ಪೂರ್ತಿ ನಿಲ್ಲಲು ಇನ್ನೂ 55 ಮೀಟರ್ ಬೇಕು. ಅದೇ ಕಾರು 50ರಲ್ಲಿ ಬಂದರೆ, ಯೋಚನೆಯ ಸೆಕೆಂಡನ್ನೂ ಸೇರಿಸಿ, ಸುಮಾರು 28 ಮೀಟರಿನಲ್ಲೇ ನಿಂತುಬಿಡುತ್ತದೆ. 50ರಲ್ಲಿ ಬಂದ ಕಾರು ಪೂರ್ತಿ ನಿಲ್ಲುವ ಜಾಗದಲ್ಲಿ 100ರಲ್ಲಿ ಬಂದ ಕಾರಿಗೆ ಬ್ರೇಕ್ ಹಾಕಲು ಆಗಷ್ಟೇ ಶುರು. ನಡುವೆ ನಿಂತವರು ಬದುಕುತ್ತಾರಾ ಇಲ್ಲವಾ ಅನ್ನುವುದು ಈ ಲೆಕ್ಕದ ಮೇಲೆಯೇ ನಿಂತಿದೆ. ಗುದ್ದುವ ವೇಗ 50ರಿಂದ 65ಕ್ಕೆ ಏರಿದರೆ ಪಾದಚಾರಿ ಸಾಯುವ ಅಪಾಯ ನಾಲ್ಕೂವರೆ ಪಟ್ಟು ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಮಂದಿ ಪಾದಚಾರಿಗಳು. ಅಂದರೆ ಐದರಲ್ಲಿ ಒಬ್ಬರು ಯಾವ ವಾಹನದಲ್ಲೂ ಇರಲಿಲ್ಲ, ಬರೀ ಕಾಲಲ್ಲಿ ಹೋಗುತ್ತಿದ್ದವರು. ರಾಷ್ಟ್ರೀಯ ಹೆದ್ದಾರಿ ಮತ್ತು ಎಕ್ಸ್‌ಪ್ರೆಸ್‌ವೇಗಳಲ್ಲೇ 61 ಸಾವಿರಕ್ಕೂ ಹೆಚ್ಚು ಜನ ಹೋದರು. ಇದೆಲ್ಲ ಕೇಂದ್ರ ಸರಕಾರವೇ ಕೊಟ್ಟ ಲೆಕ್ಕ. ಗುದ್ದಿ ಓಡಿಹೋದ ವಾಹನದಿಂದ ಸತ್ತವರ ಮನೆಯವರಿಗೆ ಕೊಡುವ ಪರಿಹಾರ 2022ರ ಏಪ್ರಿಲ್‌ನಿಂದ 25 ಸಾವಿರದಿಂದ 2 ಲಕ್ಷಕ್ಕೆ ಏರಿದೆ. ಒಳ್ಳೆಯದೇ. ಆದರೆ ದುಡಿಯುವ ಒಬ್ಬರು ಹೋದ ಮನೆಗೆ 2 ಲಕ್ಷ ಎಷ್ಟು ದಿನ ಬಂದೀತು?

"ಜನ ಸಿಕ್ಕಸಿಕ್ಕಲ್ಲಿ ದಾಟುತ್ತಾರೆ, ತಪ್ಪು ಅವರದ್ದೇ" ಅನ್ನುವ ಮಾತು ಹೆಚ್ಚು ಕೇಳುತ್ತದೆ. ಡಿವೈಡರ್ ಹಾರುವುದು ಅಪಾಯ, ಅದರಲ್ಲಿ ಎರಡು ಮಾತಿಲ್ಲ. ಮಕ್ಕಳಿಗೆ ಮನೆಯಲ್ಲಿ ಹೇಳಿಕೊಡಲೇಬೇಕು. ಆದರೆ ದಾಟುವ ಜಾಗ ದೂರ ಇದ್ದರೆ, ತಲೆಯ ಮೇಲೆ ಹೊರೆ ಹೊತ್ತವರು, ಮಂಡಿನೋವಿನ ಮುದುಕರು ಅಷ್ಟು ಸುತ್ತಿ ಬರುತ್ತಾರೆ ಅಂತ ನಂಬುವುದು ಹೇಗೆ? ಮೇಲ್ಸೇತುವೆಯ ಐವತ್ತು ಅರುವತ್ತು ಮೆಟ್ಟಿಲನ್ನು ಅವರು ಹತ್ತುತ್ತಾರಾ? ಇನ್ನೊಂದು ಮಾತೂ ಇದೆ. ವಾಹನ ಎಷ್ಟು ದೂರದಲ್ಲಿದೆ ಅಂತ ಕಣ್ಣು ಅಳೆಯುತ್ತದೆ, ಎಷ್ಟು ವೇಗದಲ್ಲಿದೆ ಅಂತ ಅಳೆಯುವುದು ಕಷ್ಟ. ಮಕ್ಕಳಿಗೂ ವಯಸ್ಸಾದವರಿಗೂ ಇನ್ನೂ ಕಷ್ಟ. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ. ಆ ತಪ್ಪಿಗೆ ಮರಣವೇ ಶಿಕ್ಷೆ ಆಗಬಾರದು.

"ಹಾಗಂತ ವೇಗ ಇಳಿಸಿದರೆ ಹೆದ್ದಾರಿ ಯಾಕೆ?" ಇದು ಎರಡನೇ ಮಾತು. ಇಡೀ ಹೆದ್ದಾರಿಯನ್ನು 50ಕ್ಕೆ ಇಳಿಸಿ ಅಂತ ಯಾರೂ ಕೇಳುತ್ತಿಲ್ಲ. ಊರು, ಶಾಲೆ, ಆಸ್ಪತ್ರೆ, ಮಾರುಕಟ್ಟೆ, ಬಸ್ ನಿಲ್ದಾಣ ಇರುವ ಕಡೆ, ಆಚೀಚೆ ಅರ್ಧ ಕಿಲೋಮೀಟರ್ ಮಾತ್ರ. ಒಂದು ಕಿ.ಮೀ.ಯನ್ನು 100ರ ಬದಲು 50ರಲ್ಲಿ ದಾಟಿದರೆ ಕಳೆದುಕೊಳ್ಳುವುದು 36 ಸೆಕೆಂಡ್. ದಾರಿಯಲ್ಲಿ ಅಂಥ ಹತ್ತು ಊರು ಬಂದರೂ ಒಟ್ಟು ಆರು ನಿಮಿಷ. ಟೋಲ್ ಗೇಟಿನಲ್ಲಿ, ಚಹಾ ಕುಡಿಯುವಲ್ಲಿ ಇದಕ್ಕಿಂತ ಹೆಚ್ಚು ಹೊತ್ತು ಹೋಗುತ್ತದೆ.

ನಾಲ್ಕೂ ತಾಲೂಕಿಗೆ ಒಂದೇ ಮದ್ದು ಸಾಲದು ಅನ್ನುವುದೂ ನಿಜ. ಕೋಲಾರ, ಮುಳಬಾಗಿಲಿನಲ್ಲಿ ಚತುಷ್ಪಥ ಊರುಗಳ ಮಗ್ಗುಲಲ್ಲೇ ಹೋಗುತ್ತದೆ, ಅಲ್ಲಿ ವೇಗ ಇಳಿಯಬೇಕು. ಶ್ರೀನಿವಾಸಪುರದ ಕಡೆಯ ರಸ್ತೆಗಳಲ್ಲಿ ಮಾವಿನ ಕಾಲ ಬಂತೆಂದರೆ ಟ್ರ್ಯಾಕ್ಟರ್, ಲಾರಿ, ಕೂಲಿಯವರು ಎಲ್ಲ ಒಟ್ಟಿಗೇ ಇರುತ್ತಾರೆ. ಅಲ್ಲಿ ಮಂಡಿಗಳ ಮುಂದೆ ಋತುಮಾನಕ್ಕೆ ತಕ್ಕ ಮಿತಿ ಬೇಕು. ಮಾಲೂರಿನಲ್ಲಿ ಹಾದುಹೋಗುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಕಥೆ ಬೇರೆ. ಅದು 120ರ ವೇಗಕ್ಕೆಂದೇ ಕಟ್ಟಿದ ರಸ್ತೆ, ಅಲ್ಲಿ ಜನ ಕಾಲಿಡಲೇಬಾರದು. ಹಾಗಾದರೆ ಹಳ್ಳಿಯಿಂದ ಹಳ್ಳಿಗೆ ಹೋಗಲು ದೀಪ ಇರುವ, ಮಳೆಗಾಲದಲ್ಲಿ ನೀರು ನಿಲ್ಲದ ಅಂಡರ್‌ಪಾಸ್ ಹತ್ತಿರದಲ್ಲೇ ಬೇಕು. ನಿಯಮ ಒಂದೇ: ಜನ ಇರುವಲ್ಲಿ ವೇಗ ಬೇಡ, ವೇಗ ಬೇಕಾದಲ್ಲಿ ಜನರಿಗೆ ಬೇರೆ ದಾರಿ ಕೊಡಿ.

ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ. ಮೋಟಾರು ವಾಹನ ಕಾಯ್ದೆಯ 112ನೇ ಸೆಕ್ಷನ್ ಪ್ರಕಾರ ಜನರ ಸುರಕ್ಷತೆಗಾಗಿ ನಿರ್ದಿಷ್ಟ ರಸ್ತೆಯಲ್ಲಿ, ನಿರ್ದಿಷ್ಟ ಜಾಗದಲ್ಲಿ ವೇಗ ಮಿತಿ ಇಳಿಸಲು ರಾಜ್ಯ ಸರಕಾರಕ್ಕೆ ಅಧಿಕಾರ ಇದೆ. 2019ರ ತಿದ್ದುಪಡಿಯಲ್ಲಿ ಬಂದ 198ಎ ಸೆಕ್ಷನ್, ಸುರಕ್ಷತೆಯ ಮಾನದಂಡ ಪಾಲಿಸದೆ ರಸ್ತೆ ಕಟ್ಟಿ ಜೀವ ಹೋದರೆ ಗುತ್ತಿಗೆದಾರರಿಗೂ ಸಂಬಂಧಪಟ್ಟ ಅಧಿಕಾರಿಗಳಿಗೂ 1 ಲಕ್ಷ ರೂ.ವರೆಗೆ ದಂಡ ಹಾಕಬಹುದು ಎನ್ನುತ್ತದೆ.

ಆದರೆ ಬೋರ್ಡ್ ನೆಟ್ಟ ಮಾತ್ರಕ್ಕೆ ಯಾರೂ ನಿಧಾನ ಮಾಡುವುದಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯನ್ನೇ ನೋಡಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು, ಆ ವರ್ಷದ ಮೊದಲ ಆರು ತಿಂಗಳಲ್ಲೇ ನೂರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಪೊಲೀಸರು ರೇಡಾರ್ ಗನ್ ಹಿಡಿದು ನಿಂತರು, ಕ್ಯಾಮರಾ ಬಂತು, ದಂಡದ ಚೀಟಿ ಮನೆಗೇ ಹೋಗತೊಡಗಿತು. ಆಗಸ್ಟ್‌ನಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಗೆ ಬಿಡಲಿಲ್ಲ. ಸಾವು ಇಳಿಯಿತು. ಆದ್ದರಿಂದ 50ರ ಮಿತಿಯ ಜೊತೆಗೆ ಕ್ಯಾಮರಾ, ಮೊದಲೇ ಎಚ್ಚರಿಸುವ ರಂಬಲ್ ಪಟ್ಟಿ, ಒಳ್ಳೆಯ ಬೆಳಕು, ಡಿವೈಡರ್‌ನ ನಡುವೆ ನಿಂತು ನೋಡಲು ಜಾಗ, ಇವೆಲ್ಲ ಬರಲೇಬೇಕು. ಕ್ಯಾಮರಾ ಇದ್ದರೆ ದಾರಿಯಲ್ಲಿ ಕೈಬಿಸಿ ಮಾಡುವ ಕಿರಿಕಿರಿಯೂ ತಪ್ಪುತ್ತದೆ.

ನಮ್ಮ ಓದುಗರಲ್ಲಿ ಲಾರಿ ಓಡಿಸುವವರಿದ್ದಾರೆ, ಟ್ಯಾಕ್ಸಿಯವರಿದ್ದಾರೆ, ಹಣ್ಣು, ತರಕಾರಿ, ಮೀನಿನ ವ್ಯಾಪಾರಿಗಳಿದ್ದಾರೆ. ಲಾರಿ ಎಲ್ಲಿಗೆ ತಲುಪಿತು, ಯಾಕೆ ತಡ ಅಂತ ಗಂಟೆಗೊಮ್ಮೆ ಫೋನ್ ಮಾಡುವ ವ್ಯಾಪಾರಿಗೂ ಈ ವೇಗದಲ್ಲಿ ಪಾಲಿದೆ. ಮಾಲು ಅರ್ಧ ಗಂಟೆ ತಡವಾಗಿ ಬಂದರೂ ಪರವಾಗಿಲ್ಲ ಅಂತ ಒಂದು ಮಾತು ಚಾಲಕನಿಗೆ ಹೇಳಿ ನೋಡಿ. ಆ ಚಾಲಕನೂ ಒಂದು ಮನೆಯ ಮಗ. ಅವನ ಉಮ್ಮನೂ ಕಾಯುತ್ತಿರುತ್ತಾರೆ.

ಉಳಿದ ಕೆಲಸ ಊರಿನವರದ್ದು. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಎಲ್ಲಿ ಜನ ದಾಟುತ್ತಾರೆ, ಯಾವ ಹೊತ್ತಿಗೆ ದಾಟುತ್ತಾರೆ, ಎಲ್ಲಿ ಅಪಘಾತ ಆಗಿದೆ ಅಂತ ಪಟ್ಟಿ ಮಾಡಿ, ಗ್ರಾಮ ಪಂಚಾಯತ್‌ನಲ್ಲಿ ನಿರ್ಣಯ ಮಾಡಿಸಿ, ಜಮಾಅತ್, ಶಾಲೆಯ ಎಸ್‌ಡಿಎಂಸಿ, ಯುವಕ ಮಂಡಲ, ಹಾಲಿನ ಸೊಸೈಟಿ ಎಲ್ಲರೂ ಸೇರಿ ಬರವಣಿಗೆಯಲ್ಲಿ ಕೊಡಬೇಕು. ಇದರಲ್ಲಿ ಜಾತಿ, ಮತ, ಪಕ್ಷ ಯಾವುದೂ ಇಲ್ಲ. ಕೋಲಾರದವರು ಇದನ್ನು ರಸ್ತೆ ಆದ ಮೇಲೆ ಕೇಳಬೇಕಾಗಿ ಬಂದಿದೆ. ಮಾಣಿ, ಉಪ್ಪಿನಂಗಡಿ, ನೆಲ್ಯಾಡಿಯವರಿಗೆ ಈಗಲೇ ಕೇಳುವ ಅವಕಾಶ ಇದೆ. ಡಾಂಬರು ಹಾಕಿ ಟೋಲ್ ಶುರುವಾದ ಮೇಲೆ ಕೇಳುವವರು ಕಡಿಮೆ, ಕೇಳಿಸಿಕೊಳ್ಳುವವರು ಇನ್ನೂ ಕಡಿಮೆ.