ಭಾನುವಾರ ಬಾರದ ಹೊಟ್ಟೆನೋವು

ಬೆಳಿಗ್ಗೆ ಪಾಟಿಚೀಲ ಹೆಗಲಿಗೇರಿಸುವ ಹೊತ್ತಿಗೆ ‘ಹೊಟ್ಟಿ ಬ್ಯಾನಿ’ ಎನ್ನುವ ಮಗು ಭಾನುವಾರ ಆ ಮಾತೇ ಎತ್ತುವುದಿಲ್ಲ. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಪುಣೆಗೆ ದುಡಿಯಲು ಬಂದ ತಾಯಿಗೆ ಇದು ಅರ್ಥವಾಗುತ್ತದೆ. ಶಾಲೆಯಲ್ಲಿ ಮಾತ್ರ ಆ ಮಗುವಿಗೆ ‘ಲಾಜಾಳು’, ಅಂದರೆ ನಾಚಿಕೆ ಸ್ವಭಾವದ್ದು ಎಂಬ ಹೆಸರು ಬೀಳುತ್ತದೆ. ಇಲ್ಲವೇ ಭಾಷೆಯಲ್ಲಿ ಕಚ್ಚಾ ಎಂದು ಷರಾ.

ಪುಣೆಯಲ್ಲಿ ‘ಸೆಮಿ ಇಂಗ್ಲಿಷ್’ ಶಾಲೆಗಳಿಗೆ ಬೇಡಿಕೆ ಹೆಚ್ಚು. ಗಣಿತ, ವಿಜ್ಞಾನ ಇಂಗ್ಲಿಷಿನಲ್ಲಿ, ಉಳಿದದ್ದು ಮರಾಠಿಯಲ್ಲಿ. ಮರಾಠಿ ಮನೆಯ ಮಗುವಿಗೆ ಅದು ದ್ವಿಭಾಷಾ ಶಾಲೆ. ಕನ್ನಡ ಮನೆಯ ಮಗುವಿಗೆ ಎರಡೂ ಹೊರಗಿನ ಭಾಷೆಗಳೇ. ಮಹಾನಗರಪಾಲಿಕೆ ಕನ್ನಡ ಮಾಧ್ಯಮದಲ್ಲೂ ಕಲಿಸುತ್ತದೆ, ನಿಜ. ಆದರೆ ಕಟ್ಟಡದ ಕೆಲಸ ಎಲ್ಲಿಗೆ ಕರೆಯುತ್ತದೋ ಅಲ್ಲಿಗೆ ಹೋಗುವ ಕುಟುಂಬಕ್ಕೆ ಹತ್ತಿರ ಸಿಕ್ಕಿದ್ದೇ ಶಾಲೆ.

ಹೊಸ ಭಾಷೆಯ ನಡುವೆ ಬಂದ ಮಗು ಕೆಲವು ತಿಂಗಳು ಬರೀ ಕೇಳಿಸಿಕೊಳ್ಳುತ್ತದೆ. ಅದು ಕಲಿಕೆಯ ಮೌನ. ಆಗಲೂ ಅದು ಆಟಕ್ಕೆ ಓಡುತ್ತದೆ, ಕೈಸನ್ನೆ ಮಾಡುತ್ತದೆ, ಮನೆಗೆ ಬಂದು ಕನ್ನಡದಲ್ಲಿ ಎಲ್ಲದರ ವರದಿ ಒಪ್ಪಿಸುತ್ತದೆ. ಭಯಪಡಬೇಕಾದದ್ದು ಇನ್ನೊಂದು ಮೌನಕ್ಕೆ. ಊಟದ ಡಬ್ಬಿ ತುಂಬಿದಂತೆಯೇ ಮರಳುತ್ತದೆ, ಬಿಡುವಿನಲ್ಲಿ ಮಗು ಗೋಡೆಗೊರಗಿ ನಿಲ್ಲುತ್ತದೆ, ನಿದ್ದೆ ಕೆಡುತ್ತದೆ, ಕೊನೆಗೆ ಅವ್ವನ ಜೊತೆಗಿನ ಕನ್ನಡವೂ ಕಡಿಮೆಯಾಗುತ್ತದೆ. ಮನೆಮಾತಿನಲ್ಲೂ ಮಾತು ನಿಂತರೆ ಅದು ಭಾಷೆಯ ಕೊರತೆಯಲ್ಲ, ಸಂಕಟ. ಈ ವ್ಯತ್ಯಾಸ ಗುರುತಿಸದೆ ಹೆಚ್ಚುವರಿ ಮರಾಠಿ ಪಾಠ ಹೇರಿದರೆ ನೋವು ಇನ್ನೂ ಆಳಕ್ಕಿಳಿಯುತ್ತದೆ.

2025ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಒಂದನೇ ತರಗತಿಯಿಂದಲೇ ಹಿಂದಿ ಕಡ್ಡಾಯ ಎಂದಿತು. ಜೂನ್ 29ರಂದು ಆದೇಶ ಹಿಂಪಡೆಯಿತು. ಬೀದಿಯ ಗದ್ದಲವೆಲ್ಲ ಯಾವ ಭಾಷೆ, ಎಷ್ಟು ಭಾಷೆ ಎಂಬುದರ ಸುತ್ತ ನಡೆಯಿತು. ಆರು ವರ್ಷದ ಮಗು ಅಳುವುದು ಯಾವ ಭಾಷೆಯಲ್ಲಿ ಎಂದು ಕೇಳಿದವರು ವಿರಳ.

ಒಳ್ಳೆಯ ಹೆಜ್ಜೆಗಳೂ ಇವೆ. 2024ರಲ್ಲಿ ಈ ರಾಜ್ಯ ಎಂಟನೇ ತರಗತಿವರೆಗೆ ಪಠ್ಯದಾಚೆಯ ಚಟುವಟಿಕೆಗಳ ‘ಆನಂದದಾಯಿ ಶನಿವಾರ’ ತಂದಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ 100 ಮತ್ತು ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರು ಇರಲೇಬೇಕು ಎಂದಿತು. ಆದರೆ ಮಗುವಿನ ಮಾತೇ ತಿಳಿಯದ ಸಮಾಲೋಚಕರ ಮುಂದೆ ಅದು ‘ಹೂಂ’ ಎಂದಷ್ಟೇ ತಲೆಯಾಡಿಸಿ ಎದ್ದು ಬರುತ್ತದೆ. ಕಡತದಲ್ಲಿ ಎಲ್ಲವೂ ಸರಿಯಾಗಿರುತ್ತದೆ. ನಮ್ಮ ಆತಂಕ ಇದೇ.

ಶಾಲೆಯ ದಾಖಲಾತಿ ಪುಸ್ತಕದಲ್ಲಿ ‘ಮಾತೃಭಾಷೆ’ ಎಂಬ ಕಲಂ ಇದೆ. ತುಂಬಿದ ಮೇಲೆ ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ಜೂನ್‌ನಲ್ಲಿ ಶಾಲೆ ತೆರೆದ ಮೊದಲ ವಾರವೇ ಮುಖ್ಯೋಪಾಧ್ಯಾಯರು ಆ ಪುಸ್ತಕ ತೆರೆಯಲಿ, ಕನ್ನಡ ಮನೆಗಳ ಮಕ್ಕಳು ಎಷ್ಟಿದ್ದಾರೆಂದು ಎಣಿಸಲಿ. ಪುಣೆಯಲ್ಲಿ ನೆಲೆನಿಂತ ಕನ್ನಡಿಗರೇ, ನಿಮ್ಮ ಪಕ್ಕದ ಶಾಲೆಗೆ ಹೋಗಿ, ವಾರಕ್ಕೊಂದು ಗಂಟೆ ಆ ಮಕ್ಕಳ ಮಾತು ಕೇಳಲು ನಾವು ಬರುತ್ತೇವೆ ಎಂದು ಹೇಳಿ.