ರಾತ್ರಿ ಹೋಂವರ್ಕ್ ಕಳಿಸಿ, ಬೆಳಿಗ್ಗೆ ಮಕ್ಕಳನ್ನು ಬೈಯಬೇಡಿ
ರಾಜಾನುಕುಂಟೆಯಿಂದ ಹೆಬ್ಬಾಳದವರೆಗೆ ಸ್ಕೂಲ್ ವ್ಯಾನ್‌ಗಳಲ್ಲಿ ಮಕ್ಕಳು ತೂಕಡಿಸುತ್ತಾರೆ. ‘ರಾತ್ರಿಯೆಲ್ಲಾ ಮೊಬೈಲ್’ ಎಂಬ ಬೈಗುಳ ಬೇರೆ. ಆ ಮೊಬೈಲ್ ಕೈಗೆ ಬಂದದ್ದು ಹೇಗೆ? 2020ರ ಕೊರೊನಾದಲ್ಲಿ ಪಾಠಕ್ಕೆಂದು ಬಂತು. ಶಾಲೆ ತೆರೆದರೂ ಹೋಗಲಿಲ್ಲ. ಎಷ್ಟೋ ಶಾಲೆಗಳ ಹೋಂವರ್ಕ್ ಇಂದಿಗೂ ರಾತ್ರಿ ವಾಟ್ಸಾಪ್‌ನಲ್ಲೇ ಬರುತ್ತದೆ. ಅದನ್ನು ನೋಡಲು ಹಿಡಿದ ಫೋನು ರೀಲ್ಸ್‌ಗೆ ಜಾರುತ್ತದೆ.

6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಸ್ಕ್ರೀನಿನ ಬೆಳಕು ನಿದ್ದೆ ತರಿಸುವ ಮೆಲಟೋನಿನ್ ಅನ್ನು ತಗ್ಗಿಸುತ್ತದೆ. ಈ ಚಟಕ್ಕೆಂದೇ ನಿಮ್ಹಾನ್ಸ್ 2014ರಲ್ಲೇ ‘ಶಟ್’ ಕ್ಲಿನಿಕ್ ತೆರೆಯಿತು. ಎಲ್ಲ ಮಕ್ಕಳನ್ನೂ ಅಲ್ಲಿಗೆ ಕರೆದೊಯ್ಯಲಾದೀತೇ?

ಹೋಂವರ್ಕನ್ನು ಶಾಲೆ ಬಿಡುವ ಮುನ್ನ ಡೈರಿಯಲ್ಲೇ ಬರೆಸಲಿ. ಮುಂದಿನ ಪೋಷಕರ ಸಭೆಯಲ್ಲಿ ಇದನ್ನೇ ಕೇಳೋಣ. ರಾತ್ರಿ 9ಕ್ಕೆ ಮನೆಯ ಫೋನುಗಳೆಲ್ಲಾ, ಅಪ್ಪ-ಅಮ್ಮನದೂ ಸೇರಿ, ಹಾಲ್‌ನಲ್ಲೇ ಚಾರ್ಜಿಗಿರಲಿ.