ನೋಡಿದ ಕಣ್ಣಿಗೂ ಹೊಣೆಯಿದೆ

ಬೆಳಿಗ್ಗೆ ಏಳೂವರೆಗೆ ಹಿರೀಸಾವೆಯಲ್ಲಿ ಹೆದ್ದಾರಿ ಪಕ್ಕ ನಿಂತರೆ ಕಾಣುವುದು ಹೆಣ್ಣುಮಕ್ಕಳ ಸಾಲು. ಸುತ್ತಲ ತೆಂಗಿನ ತೋಟದ ಊರುಗಳಿಂದ ಬಂದವರು. ಕೊಟ್ಟಿಗೆ ಕಸ ಬಳಿದು, ಡೈರಿಗೆ ಹಾಲು ಹಾಕಿ, ಜಡೆ ಹೆಣೆದುಕೊಂಡು, ಡಬ್ಬಿ ಕಟ್ಟಿಕೊಂಡು ಓಡಿ ಬಂದವರು. ಕೆಲವರು ಚನ್ನರಾಯಪಟ್ಟಣಕ್ಕೆ, ಕೆಲವರು ಹಾಸನಕ್ಕೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿಗೆ ಯಾರ ಮುಂದೂ ಕೈಯೊಡ್ಡಬೇಕಿಲ್ಲ. ಆ ಸಾಲಿನಲ್ಲಿ ಎಷ್ಟೋ ಮಂದಿ ತಮ್ಮ ಮನೆತನದಲ್ಲೇ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣು.

2024ರ ಏಪ್ರಿಲ್ ಕೊನೆಯ ವಾರ ಅದೇ ರಸ್ತೆಯ ಒಂದು ಬಸ್ಸಿನಲ್ಲಿ ನಾನಿದ್ದೆ. ಹಿಂದಿನ ಸೀಟಿನಲ್ಲಿ ಇಬ್ಬರು ಹುಡುಗರು, ಮಡಿಲಲ್ಲಿ ಕಾಲೇಜು ಬ್ಯಾಗು, ಇಬ್ಬರ ನಡುವೆ ಒಂದೇ ಫೋನು. ಒಬ್ಬ ಕೇಳಿದ: "ಇವಳು ಯಾವೂರೋಳು ಗೊತ್ತೇನ್ಲಾ?" ನನ್ನ ಪಕ್ಕದ ಹುಡುಗಿ ದುಪಟ್ಟಾ ಎಳೆದುಕೊಂಡು ಕಿಟಕಿಯ ಕಡೆ ಮುಖ ತಿರುಗಿಸಿದಳು. ಬಸ್ಸು ಇಳಿಯುವವರೆಗೂ ಅವಳು ಈಚೆ ತಿರುಗಲಿಲ್ಲ. ನಾನು ಎದ್ದು ನಿಂತು, ಆಫ್ ಮಾಡು ಎಂದೆ. ಆ ಹುಡುಗ ನಾಚಲಿಲ್ಲ, ಸಿಟ್ಟೂ ಆಗಲಿಲ್ಲ. "ಎಲ್ಲರ ಹತ್ರಾನೂ ಐತೆ ಬಿಡಕ್ಕಾ" ಎಂದ.

ಎಲ್ಲರ ಹತ್ರಾನೂ ಐತೆ. ಎರಡು ವರ್ಷದಿಂದ ಈ ಮಾತು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡು ಕೂತಿದೆ.

ಏನಾಯಿತೆಂದು ಜಿಲ್ಲೆಗೆ ಗೊತ್ತು. ಏಪ್ರಿಲ್ 26ರ ಲೋಕಸಭಾ ಮತದಾನಕ್ಕೆ ಕೆಲವೇ ದಿನ ಮುಂಚೆ ಹಾಸನದಲ್ಲಿ ಪೆನ್‌ಡ್ರೈವ್‌ಗಳು ಹರಿದಾಡಿದವು. ಹೆಣ್ಣುಮಕ್ಕಳ ಮೇಲೆ ಆಗಿನ ಸಂಸದ ನಡೆಸಿದನೆನ್ನಲಾದ ದೌರ್ಜನ್ಯದ ದೃಶ್ಯಗಳು, ಅವರ ಮುಖವನ್ನೂ ಮಸುಕು ಮಾಡದೆ, ಬೀದಿಗೆ ಬಿದ್ದವು. ಅಲ್ಲಿಂದಾಚೆಗಿನ ಕೆಲಸವನ್ನು ಯಾವ ಪಕ್ಷವೂ ಮಾಡಬೇಕಾಗಲಿಲ್ಲ. ನಾವೇ ಮಾಡಿದೆವು. ಅರಕಲಗೂಡಿನಿಂದ ಚನ್ನರಾಯಪಟ್ಟಣದವರೆಗೆ, ಹೋಟೆಲಿನ ಮೇಜಿನಿಂದ ಮದುವೆ ಮನೆಯ ಚಪ್ಪರದವರೆಗೆ, ಹಾಸ್ಟೆಲ್ ಕೋಣೆಯಿಂದ ಸ್ಟಾಫ್ ರೂಮಿನವರೆಗೆ, ಬೆರಳ ತುದಿಯಿಂದ ಬೆರಳ ತುದಿಗೆ ಅವುಗಳನ್ನು ದಾಟಿಸಿದೆವು. ಮುಖ ಬಯಲಾದ ಹೆಂಗಸರು ಮನೆಗೆ ಬೀಗ ಹಾಕಿ ಊರು ಬಿಟ್ಟರೆಂದು ಪತ್ರಿಕೆಗಳು ಬರೆದವು. ಆ ವೀಡಿಯೊಗಳನ್ನು ಹಂಚುವುದು ಅಪರಾಧ ಎಂದು ವಿಶೇಷ ತನಿಖಾ ತಂಡ ಪ್ರಕಟಣೆ ಹೊರಡಿಸಬೇಕಾಯಿತು. ಇಷ್ಟು ದೊಡ್ಡ ಜಿಲ್ಲೆಗೆ ಅದನ್ನೂ ಪೊಲೀಸರು ಹೇಳಿಕೊಡಬೇಕಾಯಿತು!

ಒಬ್ಬ ಗಂಡಸು ಮಾಡಿದ ಪಾಪಕ್ಕೆ ಒಂದು ಹೆಸರಿದೆ, ಒಂದು ಸೆಕ್ಷನ್ ಇದೆ. ಹೊಳೆನರಸೀಪುರದ ತೋಟದ ಮನೆಯಲ್ಲಿ ಮನೆಗೆಲಸ ಮಾಡುತ್ತಿದ್ದ ಹೆಣ್ಣುಮಗಳು ಕೋರ್ಟಿನಲ್ಲಿ ನಿಂತು ಸಾಕ್ಷಿ ಹೇಳಿದಳು. ಅವಳ ಒಂದು ಸೀರೆ ಪ್ರಮುಖ ಸಾಕ್ಷ್ಯವಾಯಿತು. 2025ರ ಆಗಸ್ಟ್ 1ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಮಾಜಿ ಸಂಸದ ಪ್ರಜ್ವಲ್ ರೇವಣ್ಣನನ್ನು ತಪ್ಪಿತಸ್ಥನೆಂದಿತು. ಮಾರನೆಯ ದಿನ ಜೀವಾವಧಿ ಶಿಕ್ಷೆ ವಿಧಿಸಿತು. ಮಾಜಿ ಪ್ರಧಾನಿಯ ಮೊಮ್ಮಗನ ಎದುರು ಮನೆಗೆಲಸದವಳ ಮಾತು ನಿಂತಿತು. ಈ ಜಿಲ್ಲೆಯ ಚರಿತ್ರೆಯಲ್ಲಿ ಅದು ಸಣ್ಣ ಸಂಗತಿಯಲ್ಲ. ಆದರೆ ನೋಡಿದವರ, ಹಂಚಿದವರ, "ಇವಳು ಯಾವೂರೋಳು" ಎಂದು ಕೇಳಿದವರ ಪಾಪವನ್ನು ಯಾವ ಕಟಕಟೆಯಲ್ಲಿ ನಿಲ್ಲಿಸೋಣ? ಲೈಂಗಿಕ ಕ್ರಿಯೆಯ ದೃಶ್ಯ ರವಾನಿಸಿದರೆ ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು ಎನ್ನುತ್ತದೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಸೆಕ್ಷನ್. ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡಿದರೆ ಎರಡು ವರ್ಷದವರೆಗೆ ಶಿಕ್ಷೆ ಎನ್ನುತ್ತದೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್. ಕಾನೂನು ಇದೆ. ನಮಗೆ ಲಜ್ಜೆ ಇರಲಿಲ್ಲ.

ಬಸ್ಸಿನಲ್ಲಿ ಕಂಡ ಆ ಹುಡುಗ ರೌಡಿಯಲ್ಲ. ಕಾಲೇಜಿನ ಹುಡುಗ. ಸೆಮಿಸ್ಟರ್ ಪರೀಕ್ಷೆ ಬರೆಯುವವನು, ನಾಳೆ ಮೇಷ್ಟರೋ ಗುಮಾಸ್ತನೋ ಪೊಲೀಸನೋ ಆಗುವವನು. ಅದಕ್ಕೇ ನನ್ನ ಸಿಟ್ಟು ಅವನನ್ನು ದಾಟಿ ಅವನ ಕಾಲೇಜಿನ ಗೇಟಿನ ಒಳಗೆ ಹೋಗುತ್ತದೆ. ಮೂರು ವರ್ಷ ಅವನ ಹಾಜರಿ ಹಾಕಿದವರು ಅವನಿಗೆ ಏನು ಕಲಿಸಿದರು?

ಕಲಿಸುವವರು ಹೆಣ್ಣುಮಕ್ಕಳಿಗೆ ಏನು ಕಲಿಸುತ್ತಾರೆಂಬುದು ಗೊತ್ತಿದೆ. 2021ರ ಆಗಸ್ಟ್ 24ರ ಸಂಜೆ ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಒಬ್ಬ ವಿದ್ಯಾರ್ಥಿನಿಯ ಮೇಲೆ ಸಾಮೂಹಿಕ ಅತ್ಯಾಚಾರವಾಯಿತು. ಆಗಿನ ಗೃಹ ಸಚಿವರು, ಆ ಹೊತ್ತಿನಲ್ಲಿ ಅಲ್ಲಿಗೆ ಹೋಗಬಾರದಿತ್ತು ಎಂಬರ್ಥದ ಮಾತಾಡಿದರು. ಮೈಸೂರು ವಿಶ್ವವಿದ್ಯಾಲಯ ಸುತ್ತೋಲೆ ಹೊರಡಿಸಿತು: ಸಂಜೆ ಆರೂವರೆಯ ನಂತರ ವಿದ್ಯಾರ್ಥಿನಿಯರು ಮಾನಸಗಂಗೋತ್ರಿ ಆವರಣದಲ್ಲಿ ಒಂಟಿಯಾಗಿ ಓಡಾಡಕೂಡದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು, ಅದೂ ಸೂರೆ ಹೋದವರನ್ನೇ ಒಳಗೆ ಕೂಡಿ! ಟೀಕೆ ಎದ್ದಾಗ ಸುತ್ತೋಲೆ ಹಿಂದಕ್ಕೆ ಹೋಯಿತು, ಬುದ್ಧಿ ಮಾತ್ರ ಅಲ್ಲೇ ಉಳಿಯಿತು. ಮಾನಸಗಂಗೋತ್ರಿ ಯಾರಿಗೋ ದೂರದ ಊರಲ್ಲ. ನಮ್ಮ ಹಾಸನದ ಹೇಮಗಂಗೋತ್ರಿ ಸ್ನಾತಕೋತ್ತರ ಕೇಂದ್ರ ಅದೇ ತಾಯಿಯ ಮಗಳು, 2023ರಲ್ಲಿ ಹಾಸನ ವಿಶ್ವವಿದ್ಯಾಲಯವಾಗಿ ಬೇರೆ ಮನೆ ಹೂಡಿದವಳು. ತಾಯಿಯಿಂದ ಏನನ್ನು ತರಬೇಕು, ಏನನ್ನು ಅಲ್ಲೇ ಬಿಟ್ಟು ಬರಬೇಕು ಎಂದು ಕೇಳುವ ಹಕ್ಕು ಈ ಜಿಲ್ಲೆಯ ಹೆಣ್ಣುಮಕ್ಕಳಿಗಿದೆ.

ಆ ಸುತ್ತೋಲೆ ಬರೆದವರ ಮೇಜಿನ ಮೇಲೆ ಆಗಲೇ ಹಲವು ವರ್ಷ ಹಳೆಯ ನಿಯಮವೊಂದಿತ್ತು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2015ರ ನಿಯಮಾವಳಿ ಕಡ್ಡಿ ಮುರಿದಂತೆ ಹೇಳುತ್ತದೆ: ಸುರಕ್ಷತೆಯ ನೆಪ ಹೇಳಿ ಹುಡುಗರಿಗಿಲ್ಲದ ಕಟ್ಟಳೆಯನ್ನು ಹುಡುಗಿಯರ ಹಾಸ್ಟೆಲ್ಲಿಗೆ ಹೇರಬೇಡಿ, ಅವರ ಓಡಾಟ ಮೊಟಕುಗೊಳಿಸಬೇಡಿ. ಬೆಳಕು ಹಾಕಿಸಿ, ನಂಬಬಹುದಾದ ಬಸ್ಸು ಕೊಡಿ, ಆಪ್ತ ಸಮಾಲೋಚಕರನ್ನು ಇರಿಸಿ. ಒಂದು ಬಲ್ಬು, ಒಂದು ಬಸ್ಸು, ಕೂತು ಕೇಳುವ ಒಬ್ಬ ಮನುಷ್ಯ. ಇಷ್ಟನ್ನು ಕೊಡಲಾರದವರು ಗಡಿಯಾರ ತೋರಿಸುತ್ತಾರೆ.

ಇನ್ನು ಲೈಂಗಿಕ ಕಿರುಕುಳದ ದೂರು ವಿಚಾರಿಸಬೇಕಾದ ಸಮಿತಿ. ಈ ಜಿಲ್ಲೆಯ ಒಂದು ಕಾಲೇಜಿಗೆ ಕೆಲಸದ ಮೇಲೆ ಹೋಗಿದ್ದೆ, ಹೆಸರು ಬೇಡ. ಆಫೀಸಿನ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ "ಆಂತರಿಕ ದೂರು ಸಮಿತಿ" ಎಂಬ ಹಾಳೆ ತೂಗುಹಾಕಿದ್ದರು. ಬಿಸಿಲಿಗೆ ಹಳದಿಯಾಗಿ, ಅಂಚು ಮುದುಡಿ, ಮೂಲೆಯಲ್ಲಿ ಜೇಡರ ಬಲೆ. ಅಧ್ಯಕ್ಷೆ ಎಂದು ಬರೆದಿದ್ದ ಮೇಡಂ ವರ್ಗವಾಗಿ ಹೋಗಿದ್ದರು. ಕೆಳಗಿದ್ದ ನಂಬರಿಗೆ ಅಲ್ಲೇ ನಿಂತು ಫೋನು ಮಾಡಿದೆ. ಆ ಸಂಖ್ಯೆ ಬಳಕೆಯಲ್ಲಿಲ್ಲ ಎಂದಿತು. ಹೊರಗಿನ ಸದಸ್ಯರು ಎಂಬಲ್ಲಿ ಖಾಲಿ. ವಿದ್ಯಾರ್ಥಿ ಪ್ರತಿನಿಧಿಗಳು ಎಂಬಲ್ಲಿ ಖಾಲಿ. ಪಕ್ಕದಲ್ಲೇ ಗೋಡೆಗೆ ಹೊಸ ಬಣ್ಣ ಹಚ್ಚುತ್ತಿದ್ದರು, ತಪಾಸಣೆಯ ತಂಡ ಬರುವುದಿತ್ತು.

ಒಬ್ಬ ಹುಡುಗಿ ಎಷ್ಟು ರಾತ್ರಿ ನಿದ್ದೆಗೆಟ್ಟು, ಎಷ್ಟು ಸಲ ಹೋಗಿ ಹಿಂತಿರುಗಿ, ಕೊನೆಗೊಂದು ದಿನ ಗಟ್ಟಿಮನಸ್ಸು ಮಾಡಿ ಆ ಗಾಜಿನ ಮುಂದೆ ನಿಂತಾಳು. ಆ ನಂಬರಿಗೆ ಫೋನು ಮಾಡಿಯಾಳು. ಆ ಕ್ಷಣದಲ್ಲಿ ಅವಳ ಕಿವಿಗೆ ಬೀಳುವ ಉತ್ತರ ಅದು. ಇದನ್ನು ಅಸಡ್ಡೆ ಎಂದು ಕರೆದು ಮುಂದೆ ಹೋಗಲು ನನ್ನಿಂದಾಗದು. ಧೈರ್ಯ ಕಟ್ಟಿಕೊಂಡು ಬಂದ ಒಂದು ಜೀವವನ್ನು ಕಾಲಲ್ಲಿ ತುಳಿಯುವ ಕೆಲಸ ಇದು, ತುಳಿದೆವೆಂಬ ಎಚ್ಚರವೂ ಇಲ್ಲದೆ.

ಆಯೋಗದ ಅದೇ ನಿಯಮಾವಳಿ ಏನು ಹೇಳುತ್ತದೆ? ಸಮಿತಿಯ ಅರ್ಧದಷ್ಟಾದರೂ ಸದಸ್ಯರು ಮಹಿಳೆಯರಿರಬೇಕು. ಹಿರಿಯ ಅಧ್ಯಾಪಕಿ ಅಧ್ಯಕ್ಷೆಯಾಗಬೇಕು. ವಿದ್ಯಾರ್ಥಿಗಳ ಪ್ರಕರಣವಾದರೆ ವಿದ್ಯಾರ್ಥಿಗಳೇ ಆರಿಸಿದ ಮೂವರು ಕೂರಬೇಕು. ಕುಲಪತಿ, ಕುಲಸಚಿವ, ಡೀನ್, ವಿಭಾಗದ ಮುಖ್ಯಸ್ಥ ಯಾರೂ ಸದಸ್ಯರಾಗಕೂಡದು. ತೊಂಬತ್ತು ದಿನದಲ್ಲಿ ವಿಚಾರಣೆ ಮುಗಿಯಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ವಿಚಾರಣೆ ನಡೆಯುವಾಗ ಆರೋಪಿ ಮೇಷ್ಟರು ಆ ಹುಡುಗಿಯ ಪರೀಕ್ಷೆಯನ್ನಾಗಲಿ ಅಂಕವನ್ನಾಗಲಿ ಮುಟ್ಟದಂತೆ ತಡೆಯಬಹುದು. ಹಳ್ಳಿಯಿಂದ ಬಂದ ಹುಡುಗಿ ಬಾಯಿ ಮುಚ್ಚುವುದು ಎಲ್ಲಿ ಎಂದು ಬಲ್ಲವರು ಬರೆದ ಮಾತು ಇದು. ಇಂಟರ್ನಲ್ ಮಾರ್ಕ್ಸ್. ಹಾಜರಿ. ಹಾಲ್ ಟಿಕೆಟ್. ಇವು ಮೂರೂ ಯಾರ ಕೈಯಲ್ಲಿವೆಯೋ ಅವನ ಎದುರು ಬಾಯಿ ಬಿಡುವುದು ಎಂದರೆ ಓದನ್ನೇ ಪಣಕ್ಕಿಡುವುದು. ಮನೆಗೆ ತಿಳಿದರೆ ಇನ್ನೊಂದು ತೀರ್ಪು ಕಾದಿರುತ್ತದೆ: "ಓದಿದ್ದು ಸಾಕು, ಗಂಡು ನೋಡ್ತೀವಿ." ತಪ್ಪು ಮಾಡಿದವನು ಕ್ಲಾಸಿನಲ್ಲೇ ಇರುತ್ತಾನೆ, ಬಸ್ಸಿನ ಸಾಲಿನಿಂದ ಕಾಣೆಯಾಗುವವಳು ಅವಳು.

2025ರಲ್ಲಿ ಒಡಿಶಾದ ಬಾಲಸೋರ್‌ನ ಫಕೀರ್ ಮೋಹನ್ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ವಿಭಾಗದ ಮುಖ್ಯಸ್ಥನ ಮೇಲೆ ಲೈಂಗಿಕ ಕಿರುಕುಳದ ದೂರು ಕೊಟ್ಟಳು. ನ್ಯಾಯಕ್ಕಾಗಿ ಬಾಗಿಲು ಬಾಗಿಲು ತಟ್ಟಿದಳು. ಕೊನೆಗೆ ಕಾಲೇಜಿನ ಆವರಣದಲ್ಲೇ ಬೆಂಕಿ ಹಚ್ಚಿಕೊಂಡಳು, ಜುಲೈ 14ರಂದು ತೀರಿಕೊಂಡಳು. ಅಲ್ಲಿ ದೂರು ಸಮಿತಿ ಇತ್ತು, ವಿಚಾರಣೆಯೂ ನಡೆದಿತ್ತು. ಒಂದು ಹಾಳೆ ಇರುವುದಕ್ಕೂ ಒಬ್ಬ ಮನುಷ್ಯ ಇರುವುದಕ್ಕೂ ಎಷ್ಟು ದೂರ ಎಂಬುದನ್ನು ಆ ಹುಡುಗಿ ತನ್ನ ಮೈ ಸುಟ್ಟುಕೊಂಡು ಹೇಳಿ ಹೋದಳು.

ನೊಂದವಳ ಜೊತೆ ನಿಲ್ಲುವುದು ಕಷ್ಟದ ವಿದ್ಯೆಯಲ್ಲ, ಅಧ್ಯಾಪಕರೇ. ಬಾಗಿಲು ಹಾಕಿ, ನೀರು ಕೊಟ್ಟು, ಪೂರ್ತಿ ಕೇಳಿ. "ಅಲ್ಲಿಗೆ ಯಾಕೆ ಹೋಗಿದ್ದೆ" ಎನ್ನಬೇಡಿ. "ಅವನ ಭವಿಷ್ಯ ಹಾಳಾಗುತ್ತೆ" ಎನ್ನಬೇಡಿ, ಎದುರಿಗೆ ಕೂತವಳದೂ ಒಂದು ಭವಿಷ್ಯ. ಅವಳ ಒಪ್ಪಿಗೆಯಿಲ್ಲದೆ ಅವಳ ಅಪ್ಪನಿಗೆ ಫೋನು ಮಾಡಬೇಡಿ. ಹಲ್ಲೆಯಾಗಿದ್ದರೆ ಬಟ್ಟೆ ಒಗೆಯದೆ ಎತ್ತಿಡಲು ಹೇಳಿ, ಒಂದು ಸೀರೆ ಏನು ಮಾಡಬಲ್ಲದೆಂದು ಈ ಜಿಲ್ಲೆಗಿಂತ ಚೆನ್ನಾಗಿ ಬಲ್ಲವರು ಯಾರು? ಸರ್ಕಾರಿಯಾಗಲಿ ಖಾಸಗಿಯಾಗಲಿ, ಅತ್ಯಾಚಾರ ಸಂತ್ರಸ್ತೆಗೆ ಉಚಿತವಾಗಿ ಚಿಕಿತ್ಸೆ ಕೊಡುವುದು ಪ್ರತಿ ಆಸ್ಪತ್ರೆಯ ಕರ್ತವ್ಯ. ಘಟನೆ ಎಲ್ಲೇ ಆಗಿರಲಿ, ಯಾವ ಠಾಣೆಯೂ "ನಮ್ಮ ವ್ಯಾಪ್ತಿಗೆ ಬರಲ್ಲ" ಎಂದು ಹಿಂದಕ್ಕೆ ಕಳಿಸುವಂತಿಲ್ಲ. 181ಕ್ಕೆ ಕರೆ ಮಾಡಿದರೆ ಮಹಿಳಾ ಸಹಾಯವಾಣಿ. ಇಷ್ಟನ್ನು ನಿಮ್ಮ ಮೊದಲ ದಿನದ ಪಾಠದಲ್ಲಿ ಹೇಳಿ, ಹುಡುಗರೂ ಕೂತಿರುವ ಕ್ಲಾಸಿನಲ್ಲೇ ಹೇಳಿ.

ಹುಡುಗರೇ, ನಿಮಗೂ ಒಂದು ಮಾತು. ನಿಮ್ಮ ಗುಂಪಿಗೆ ಯಾರೋ ಒಬ್ಬಳ ಫೋಟೊ ಬಂದು ಬಿದ್ದಾಗ, ಅದು ಅಲ್ಲಿಗೆ ನಿಲ್ಲುತ್ತದೋ ಮುಂದಕ್ಕೆ ಹೋಗುತ್ತದೋ ಎಂಬುದನ್ನು ನಿರ್ಧರಿಸುವವರು ನೀವು. ಅಳಿಸಿ. ಕಳಿಸಿದವನಿಗೆ ಎಲ್ಲರ ಮುಂದೆ, ತಪ್ಪು ಅನ್ನಿ. ಒಬ್ಬ ಅಂದರೆ ಇನ್ನೊಬ್ಬನಿಗೆ ಧೈರ್ಯ ಬರುತ್ತದೆ.

ಈ ಮಣ್ಣಿಗೆ ಸಿಟ್ಟು ಹೊಸದಲ್ಲ. 2024ರ ಮೇ 30ರಂದು ನಾಡಿನ ಮೂಲೆಮೂಲೆಯಿಂದ ಜನ ಹಾಸನಕ್ಕೆ ಬಂದು ಸಂತ್ರಸ್ತೆಯರ ಪರ ಬೀದಿಯಲ್ಲಿ ನಡೆದರು. ಇದೇ ಹಾಸನದಲ್ಲಿ ವಕೀಲಿಕೆ ಮಾಡುತ್ತ ಹೆಣ್ಣಿನ ಸಂಕಟ ಬರೆದ ಬಾನು ಮುಷ್ತಾಕ್ ಅವರ ಕತೆಗಳನ್ನು 2025ರಲ್ಲಿ ಜಗತ್ತು ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಕೊಟ್ಟು ಓದಿತು. ನಾವು ಹೂವಿನ ಹಾರ ಹಾಕಿ ಚಪ್ಪಾಳೆ ತಟ್ಟಿದೆವು. ಆ ಸಂಕಟ ನಮ್ಮ ಮನೆಯ, ನಮ್ಮ ಬಸ್ಸಿನ, ನಮ್ಮ ಕಾಲೇಜಿನ ಸಂಕಟವೆಂದು ತಿಳಿಯದಿದ್ದರೆ ಆ ಹಾರಕ್ಕೆ ಬೆಲೆಯಿಲ್ಲ.

ನಿಮ್ಮ ಮಗಳು, ತಂಗಿ, ನೆರೆಮನೆಯ ಹುಡುಗಿ ಯಾವ ಕಾಲೇಜಿಗೆ ಹೋಗುತ್ತಾಳೋ ಅಲ್ಲಿಗೆ ಈ ವಾರ ಹೋಗಿ. ದೂರು ಸಮಿತಿಯ ಹಾಳೆ ಎಲ್ಲಿದೆ ಎಂದು ಕೇಳಿ. ಅದರ ಮುಂದೆ ನಿಂತು ಅಲ್ಲಿರುವ ನಂಬರಿಗೆ ಫೋನು ಮಾಡಿ. ಯಾರೂ ಎತ್ತದಿದ್ದರೆ ಪ್ರಿನ್ಸಿಪಾಲರ ಕೋಣೆಗೆ ಹೋಗಿ ಕೂರಿ. ಯಾರಾದರೂ ಎತ್ತುವವರೆಗೆ ಏಳಬೇಡಿ.